ಇಬ್ಬರ ತೂಕ

ಕಂಬಿ ತಣ್ಣಗಿದೆ, ಅಂಗೈಗೆ ಅಂಟಿಕೊಳ್ಳುವಷ್ಟು ತಣ್ಣಗೆ, ಸಾಲದ್ದಕ್ಕೆ ಒದ್ದೆ ಬೇರೆ, ಯಾರೋ ಈಗಷ್ಟೇ ಒರೆಸಿದ್ದಾರೆ, ಯಾರೋ ಏನು, ಈ ಕಟ್ಟಡದಲ್ಲಿ ಬೆಳಿಗ್ಗೆ ಏಳಕ್ಕೆ ಮೆಟ್ಟಿಲ ಕಂಬಿ ಒರೆಸುವವರು ಒಬ್ಬರೇ, ನಮ್ಮ ಕೆಳಗಿನ ಮನೆಯ ಸ್ಟೇಷನ್ ಮಾಸ್ಟರು, ನಿವೃತ್ತರಾಗಿ ಒಂಬತ್ತು ವರ್ಷವಾದರೂ ಇನ್ನೂ ಯಾವುದೋ ರೈಲು ಬರುವುದಿದೆ ಎಂಬಂತೆ ಹೊತ್ತಿಗೆ ಮುಂಚೆ ತಯಾರಾಗಿ ಕೂರುವವರು — ನನ್ನ ಕೈ ಜಾರದಿರಲಿ ಅಂತ ಒರೆಸಿರಬೇಕು, ಒಣ ಕಂಬಿಗಿಂತ ಒದ್ದೆ ಕಂಬಿಯೇ ಹೆಚ್ಚು ಜಾರುತ್ತದೆ ಮಹಾರಾಯರೇ, ಇರಲಿ, ಮನಸ್ಸು ಒಳ್ಳೆಯದು, ಅಂಗೈಯನ್ನು ತೊಡೆಗೆ ಒರೆಸಿಕೊಂಡು ಮತ್ತೆ ಹಿಡಿಯುತ್ತೇನೆ. ಬಲಗಾಲು ಮೊದಲು, ಹಿಮ್ಮಡಿ ಪೂರ್ತಿ ಊರಿದ ಮೇಲೆ ಎಡಗಾಲು, ಒಂದು. ಮತ್ತೆ ಬಲಗಾಲು, ಎರಡು. ಬೆನ್ನ ಮೇಲೆ ಮಗಳು, ಹತ್ತು ವರ್ಷ, ಮೂವತ್ತೆರಡು ಕೇಜಿ, ಲಾಂಡ್ರಿಯ ಹಳೇ ದುಪ್ಪಟಿಯಲ್ಲಿ ಅವಳ ಕುಂಡೆಯಡಿಯಿಂದ ಸುತ್ತಿ ನನ್ನ ಎದೆಯ ಮೇಲೆ ಗಂಟು, ಅವಳ ಎರಡು ಕೈ ನನ್ನ ಭುಜದ ಮೇಲೆ, ಹುಟ್ಟಿದಾಗಿನಿಂದ ಬಲವಿಲ್ಲದ ಎರಡು ಕಾಲು ನನ್ನ ಸೊಂಟದ ಆಚೆ ಈಚೆ ಹೊಸ ಬೂಟು ಹಾಕಿಕೊಂಡು ತೂಗುತ್ತಿವೆ, ಅವಳ ಉಸಿರು ನನ್ನ ಕತ್ತಿನ ಎಡಗಡೆ ಬಿಸಿಯಾಗಿ ತಾಗುತ್ತಿದೆ. ಹದಿನೆಂಟರಂತೆ ಮೂರು ಸಾಲು, ಒಟ್ಟು ಐವತ್ತನಾಲ್ಕು ಮೆಟ್ಟಿಲು, ಕೆಳಗೆ ವೀಲ್‌ಚೇರು, ಗೇಟಿನಾಚೆ ಏಳೂವರೆಗೆ ಶಾಲೆಯ ಬಸ್ಸು, ನಾನು ಇವಳನ್ನು ದಿನಾ ಇಳಿಸಿ ದಿನಾ ಹತ್ತಿಸಬಲ್ಲೆನಾದರೆ ಇವಳು ನಮ್ಮ ಜೊತೆ ಇರುತ್ತಾಳೆ, ಆಗದಿದ್ದರೆ ಹಾಸ್ಟೆಲ್ಲು, ಇನ್ನೂರು ಕಿಲೋಮೀಟರ್ ದೂರ, ತಿಂಗಳಿಗೊಂದು ಭಾನುವಾರ ನೋಡಲು ಬಿಡುತ್ತಾರಂತೆ. ಮೂರು. ನಾಲ್ಕು.

ಇವರು, ಇವಳ ಅಪ್ಪ, ನನಗಿಂತ ಎರಡು ಮೆಟ್ಟಿಲು ಕೆಳಗೆ, ಮುಖ ನನ್ನ ಕಡೆ ಮಾಡಿ ಹಿಂದುಹಿಂದಕ್ಕೆ ಇಳಿಯುತ್ತಿದ್ದಾರೆ, ಒಂದು ಕೈಯಲ್ಲಿ ಮಗಳ ಊಟದ ಡಬ್ಬಿ, ಇನ್ನೊಂದು ಕೈ ಗಾಳಿಯಲ್ಲಿ ಚಾಚಿ, ನಾವು ಬಿದ್ದರೆ ಹಿಡಿಯುತ್ತಾರಂತೆ, ಐದು ಕೇಜಿಗಿಂತ ಹೆಚ್ಚು ಎತ್ತಕೂಡದು ಅಂತ ಡಾಕ್ಟರು ಹೇಳಿದ ಬೆನ್ನಿಟ್ಟುಕೊಂಡು — ಪಕ್ಕಕ್ಕೆ ಬನ್ರೀ, ನಿಮ್ಮ ಮೇಲೆ ಬಿದ್ರೆ ಮೂರು ಜನಕ್ಕೂ ಒಂದೇ ಆಂಬುಲೆನ್ಸ್ ಆಗುತ್ತೆ ಅಂದೆ, ಖರ್ಚು ಕಮ್ಮಿ ಅಲ್ವಾ ಅಂದರು, ಈ ಮನುಷ್ಯನಿಗೆ ಯಾವಾಗ ಏನು ಹೇಳಬೇಕು ಅಂತ ಗೊತ್ತಿಲ್ಲ, ಬೆನ್ನಿನ ಮೇಲೆ ಮೆಣಸಿ ಕಿಸಕ್ಕೆಂದು ನಕ್ಕಳು, ಅವಳು ನಕ್ಕರೆ ಭಾರ ಎಡಕ್ಕೆ ವಾಲುತ್ತದೆ, ನಗಬೇಡವೇ. ಮೆಣಸಿ ಅಂತ ಹೆಸರಿಟ್ಟದ್ದು ಇವರೇ, ಕಾಲು ನಡೆಯದಿದ್ದರೇನು ನಾಲಿಗೆ ಓಡುತ್ತದೆ ಅಂತ. ಒಂದನೇ ತರಗತಿಯಿಂದ ದಿನಾ ಇವರೇ ಅವಳನ್ನು ಹೊತ್ತು ಇಳಿಸುತ್ತಿದ್ದರು, ಸೀಟಿ ಹಾಕುತ್ತಾ, ಒಂದೊಂದು ಸಲ ಎರಡೆರಡು ಮೆಟ್ಟಿಲು ಒಟ್ಟಿಗೆ, ನಾನು ಮೇಲಿಂದ ಕೂಗುತ್ತಿದ್ದೆ ನಿಧಾನಾ ಅಂತ — ಟೈಲ್ಸ್ ಕೂರಿಸುವ ಕೆಲಸ, ದಿನವಿಡೀ ಮೊಣಕಾಲೂರಿ ಬಗ್ಗಿ ಬಗ್ಗಿ, ಒಂದು ದಿನ ಯಾರದೋ ಬಚ್ಚಲಮನೆಯಲ್ಲಿ ಬಗ್ಗಿದವರು ಏಳಲೇ ಇಲ್ಲ. ಈಗ ಟೈಲ್ಸ್ ಅಂಗಡಿಯ ಕೌಂಟರಿನಲ್ಲಿ ಮಧ್ಯಾಹ್ನ ಎರಡರಿಂದ ಬಿಲ್ಲು ಬರೆಯುತ್ತಾರೆ, ಮಗಳು ಆ ದಿನದಿಂದ ಮೂರನೇ ಮಹಡಿಯ ಕಿಟಕಿಯಲ್ಲಿ. ಡಾಕ್ಟರ ಹತ್ತಿರ ಕರೆದೊಯ್ಯಬೇಕಾದರೆ ನಾಲ್ಕು ಜನರನ್ನು ಕಾಡಿ ಬೇಡಿ ಕುರ್ಚಿ ಸಮೇತ ಹೊರಿಸಬೇಕು, ದಿನಾ ಶಾಲೆಗೆ ಯಾರನ್ನು ಕಾಡುವುದು, ಕೆಳಗಿನ ಅಂತಸ್ತಿನ ಮನೆಗಳ ಬಾಡಿಗೆ ಕೇಳಿಯೇ ಸುಸ್ತಾಗಿ ವಾಪಸು ಬಂದೆವು. ಇವರ ಅಕ್ಕ ಬಂದರು, ಹಣ್ಣು ತಂದರು, ಹಾಸ್ಟೆಲ್ಲಿನ ಅರ್ಜಿಯನ್ನೂ ತಂದರು, ಕೆಟ್ಟವರಲ್ಲ, ಅರ್ಜಿ ಕೊಡುವಾಗ ಅವರ ಕಣ್ಣಲ್ಲೂ ನೀರಿತ್ತು, ಆದರೆ ದನಿ ತಗ್ಗಿಸಿ ಮಾತಾಡುವುದು ಅವರಿಗೆ ಬಾರದು — ಈಗ್ಲೇ ಮೂವತ್ತೊಂದು ಕೇಜಿ ಇದಾಳೆ, ಇನ್ನೊಂದು ನಾಲ್ಕು ಕೇಜಿ ಹೆಚ್ಚಾಗ್ಲಿ, ಆಮೇಲೆ ಯಾರು ಬಂದ್ರೂ ಎತ್ತೋಕಾಗಲ್ಲ ನೋಡು, ಹೊಸ ಟರ್ಮ್ ಒಳಗೆ ಒಂದು ತೀರ್ಮಾನ ಮಾಡು. ಒಳಗಿನ ಕೋಣೆಯಲ್ಲಿ ಮೆಣಸಿ ಬಣ್ಣ ಹಚ್ಚುತ್ತಾ ಕೂತಿದ್ದಳು. ಬಾಗಿಲು ತೆರೆದೇ ಇತ್ತು. ಒಂಬತ್ತು, ಹತ್ತು, ಈ ಹತ್ತನೆಯದು ಅಂಚು ಒಡೆದದ್ದು, ಕಾಲು ಒಳಗಡೆಗೆ ಇಡಬೇಕು.

ಅಕ್ಕ ಹೋದ ಹದಿನೈದು ನಿಮಿಷಕ್ಕೆ ನಾನು ಇವಳನ್ನು ಹೊತ್ತು ಹೊರಟೆ, ಹಠಕ್ಕೆ, ನೋಡೇಬಿಡೋಣ ಅಂತ, ಐದು ಮೆಟ್ಟಿಲು, ಆರನೆಯದಕ್ಕೆ ಮೊಣಕಾಲು ನನ್ನದಲ್ಲವೇನೋ ಎಂಬಂತೆ ಮಡಚಿಕೊಂಡಿತು, ಇಬ್ಬರೂ ಕುಂಡೆಯ ಮೇಲೆ ಕೂತೆವು, ಪೆಟ್ಟಾಗಲಿಲ್ಲ, ಇವಳು ಮೊದಲು ನಕ್ಕಳು, ನಾನು ಅಳುವುದನ್ನು ನೋಡಿ ಬಾಯಿ ಮುಚ್ಚಿಕೊಂಡಳು. ಆ ರಾತ್ರಿ ಫೋನಿನಲ್ಲಿ ನೋಡಿದೆ, ಬಲ ಬರಲು ಏನು ಮಾಡಬೇಕು, ಕಂಬದಂಥ ತೋಳಿನ ಒಬ್ಬ ಮನುಷ್ಯ ಬಂದು ಹೇಳಿದ, ದಿನಕ್ಕೆ ಹತ್ತು ಮೊಟ್ಟೆಯ ಬಿಳಿ, ಡಬ್ಬಿಯ ಪುಡಿ, ಆಮದಾದ ಯಾವುದೋ ಎಣ್ಣೆ, ವಾರಕ್ಕೈದು ದಿನ ಜಿಮ್ಮು — ಅಣ್ಣಾ, ಅಷ್ಟು ದುಡ್ಡಿದ್ದರೆ ಕೆಳಗಿನ ಮನೆ ಬಾಡಿಗೆಗೆ ಹಿಡಿಯುತ್ತಿದ್ದೆ, ನಿನ್ನನ್ನು ಯಾಕೆ ಕೇಳುತ್ತಿದ್ದೆ. ಆದರೂ ಒಂದು ಮಾತು ಅವನಿಂದ ಕಲಿತೆ, ಪುಕ್ಕಟೆ, ಇವತ್ತು ಹತ್ತು ಎತ್ತಿದರೆ ಮುಂದಿನ ವಾರ ಹನ್ನೊಂದು, ಅದರ ಮುಂದಿನ ವಾರ ಹನ್ನೆರಡು, ನಡುವೆ ಹೊಟ್ಟೆಗೆ ಮತ್ತು ನಿದ್ದೆಗೆ ಮೋಸ ಮಾಡಕೂಡದು. ಹಾಗೆ ಶುರುವಾಯಿತು ಬಸ್ಕಿ, ಚಿಕ್ಕವಳಿದ್ದಾಗ ಶಾಲೆಗೆ ತಡವಾಗಿ ಹೋದ ತಪ್ಪಿಗೆ ಹೊಡೆದ ಬಸ್ಕಿಯನ್ನು ನಲವತ್ತೊಂದನೇ ವಯಸ್ಸಿನಲ್ಲಿ ನಾನಾಗಿಯೇ ಹೊಡೆಯುವುದು, ಹಾಸಿಗೆಯ ಅಂಚಿಗೆ ಕುಂಡೆ ತಾಗಿಸಿ ಏಳುವುದು, ಎರಡನೇ ದಿನ ಕಮೋಡಿನ ಮೇಲೆ ಕೂತವಳು ಏಳಲಾರದೆ ಇವರನ್ನು ಕೂಗಿದೆ, ಇವರು ಬಂದು ಬಾಗಿಲಲ್ಲಿ ನಿಂತು ಬೆನ್ನು ಹಿಡಿದುಕೊಂಡು ನಕ್ಕರು, ನಾನು ಎಳೆಯೋ ಹಾಗಿಲ್ವಲ್ಲೇ, ಡಾಕ್ಟರು ಐದು ಕೇಜಿ ಅಂದಿದಾರೆ.

ಆಮೇಲೆ ಲಾಂಡ್ರಿ. ಹನ್ನೊಂದು ವರ್ಷದಿಂದ ಇಸ್ತ್ರಿ ಟೇಬಲ್ಲಿನ ಹಿಂದೆ ನಿಂತವಳು ಮಾಲೀಕರ ಹತ್ತಿರ ಹೋಗಿ ಕೇಳಿದೆ, ಬೆಳಿಗ್ಗೆ ಹೊತ್ತು ನಾನು ಒದ್ದೆ ಗಂಟು ಹೊರ್ತೀನಿ, ಒಂಟೆಯಣ್ಣ ಇಸ್ತ್ರಿ ಮಾಡ್ಲಿ — ಹೋಟೆಲಿನ ಹಾಸಿಗೆ ಬಟ್ಟೆಗಳು, ಕೆಳಗಿನ ಮೆಷಿನ್ನಿನಿಂದ ತೆಗೆದು ದುಪ್ಪಟಿಯಲ್ಲಿ ಕಟ್ಟಿ ಎರಡು ಅಂತಸ್ತು ಹತ್ತಿಸಿ ತಾರಸಿಯಲ್ಲಿ ಒಣಹಾಕುವ ಕೆಲಸ, ಅದನ್ನು ಬೇಡಿ ಪಡೆದವರು ಇದುವರೆಗೆ ಯಾರೂ ಇಲ್ಲ, ಮಾಲೀಕರು ಕನ್ನಡಕ ಹಣೆಗೇರಿಸಿ ನೋಡಿದರು, ಸಂಬಳ ಹೆಚ್ಚು ಕೊಡಲ್ಲಮ್ಮ ಅಂದರು, ಬೇಡ ಅಂದೆ, ಹಾಗಾದ್ರೆ ನಿಂಗೆ ತಲೆ ಕೆಟ್ಟಿದೆ ಅಂತ ಕನ್ನಡಕ ಇಳಿಸಿಕೊಂಡರು. ಅಲ್ಲಿಯವರೆಗೆ ಗಂಟು ಹೊರುತ್ತಿದ್ದ, ಉದ್ದಕ್ಕೆ ಬಾಗಿ ನಡೆಯುವ ಒಂಟೆಯಣ್ಣ ಮಾತ್ರ ಕಾರಣ ಕೇಳಲಿಲ್ಲ, ಐವತ್ತು ದಾಟಿದವನು, ಕೂತು ಮಾಡುವ ಕೆಲಸವಲ್ಲದಿದ್ದರೂ ನಿಂತು ಮಾಡುವ ಕೆಲಸವಾದರೂ ಸಿಕ್ಕಿತಲ್ಲ ಅಂತ ಖುಷಿ, ಗಂಟು ಕಟ್ಟುವುದನ್ನು ಹೇಳಿಕೊಟ್ಟ, ಸೊಂಟದ ಕೆಳಗೆ ಬಿಡ್ಬೇಡಿ ಅಕ್ಕ, ಅದು ನಿಮ್ಮನ್ನ ಹಿಂದಕ್ಕೆ ಎಳೆಯುತ್ತೆ, ಕತ್ತಿನ ಹತ್ತಿರ ತಗೊಳ್ಳಿ, ಮೂಗು ಕಾಲಿನ ಹೆಬ್ಬೆರಳಿನ ಮೇಲೆ ಬರೋ ಹಾಗೆ ಬಗ್ಗಿ. ಮೊದಲ ವಾರ ದಿನಕ್ಕೆ ನಾಲ್ಕು ಗಂಟು, ಹಿಂಡಿದ ಮೇಲೂ ಒಂದೊಂದು ಹನ್ನೆರಡು ಹದಿಮೂರು ಕೇಜಿ, ಬೆನ್ನು ತುಂಬಾ ಸೋಪಿನ ನೀರು, ಆಮೇಲೆ ಆರು ಗಂಟು, ಆಮೇಲೆ ಹಿಂಡದೆಯೇ ಹೊತ್ತೆ. ಜಿಮ್ಮಿಗೆ ದುಡ್ಡು ಕೊಟ್ಟು ಹೋಗುತ್ತಾರಂತೆ ಜನ, ನನಗೆ ಜಿಮ್ಮಿನವರೇ ಸಂಬಳ ಕೊಡುತ್ತಿದ್ದರು. ಮನೆಗೆ ಬಂದರೆ ದಿಂಬಿನ ಚೀಲದಲ್ಲಿ ಮರಳು, ಪಕ್ಕದ ರಸ್ತೆಯಲ್ಲಿ ಕಟ್ಟಡ ಮುಗಿದ ಮೇಲೆ ಉಳಿದದ್ದನ್ನು ಕೇಳಿ ತಂದದ್ದು, ಹತ್ತು ಕೇಜಿಯಿಂದ ಶುರು, ವಾರಕ್ಕೆ ಒಂದೆರಡು ಪಾತ್ರೆ ಸೇರಿಸುತ್ತಾ, ಮೆಟ್ಟಿಲು ಹತ್ತಿ ಇಳಿದು. ಹದಿನೇಳು, ಹದಿನೆಂಟು. ಮೊದಲ ಸಾಲು ಮುಗಿಯಿತು, ಉಸಿರು ತೆಗೆದುಕೋ.

ಊಟದ್ದೇ ಕಷ್ಟವಾದದ್ದು, ಗಂಟಿಗಿಂತ ಕಷ್ಟ. ದುಡ್ಡಿನಿಂದಲ್ಲ, ದುಡ್ಡಿಗೆ ದಾರಿ ಕಂಡುಕೊಂಡೆ, ಮೊಟ್ಟೆ ಮಂಡಿಯಲ್ಲಿ ಒಡಕು ಮೊಟ್ಟೆ ಅರ್ಧಕ್ಕೆ ಕೊಡುತ್ತಾರೆ, ಸಂಜೆ ಮಾರ್ಕೆಟ್ಟು ಮುಚ್ಚುವ ಹೊತ್ತಿಗೆ ಬಾಡಿದ ಸೊಪ್ಪು ಮೂರು ಕಟ್ಟಿಗೆ ಒಂದರ ಬೆಲೆ, ಕಪ್ಪು ಚುಕ್ಕೆ ಬಿದ್ದ ಬಾಳೆಹಣ್ಣನ್ನು ಅಂಗಡಿಯವನೇ ಕರೆದು ಕೊಡುತ್ತಾನೆ, ಹೆಸರುಕಾಳು ಕಟ್ಟಿಟ್ಟರೆ ಒಂದು ಹಿಡಿ ಮೂರು ಹಿಡಿಯಾಗಿ ಮೊಳೆಯುತ್ತದೆ, ಕಡಲೆಬೀಜ, ಬೇಳೆ, ಲಾಂಡ್ರಿಯ ಎದುರಿನ ಟೀ ಮತ್ತು ಬನ್ನು ಬಿಟ್ಟದ್ದರಿಂದ ಹಾಲು. ಕಷ್ಟವಾದದ್ದು ನನ್ನ ತಟ್ಟೆಗೆ ಮೊದಲು ಬಡಿಸಿಕೊಳ್ಳುವುದು. ಹದಿಮೂರು ವರ್ಷದಿಂದ ಎಲ್ಲರೂ ಎದ್ದ ಮೇಲೆ ಪಾತ್ರೆಯ ತಳದಲ್ಲಿ ಉಳಿದದ್ದನ್ನು ನಿಂತುಕೊಂಡು ತಿಂದವಳು, ಯಾರೂ ಹಾಗೆ ಮಾಡೆಂದು ಹೇಳಿರಲಿಲ್ಲ, ಅದು ಹೇಗೋ ನನ್ನ ಕೈಗೆ ಅಂಟಿಕೊಂಡಿತ್ತು, ಆ ದಿನ ಎರಡು ಮೊಟ್ಟೆ ನನ್ನ ತಟ್ಟೆಗೆ ಹಾಕಿಕೊಳ್ಳುವಾಗ ಯಾರದೋ ಮನೆಯಲ್ಲಿ ಕದಿಯುತ್ತಿರುವ ಹಾಗೆ ಬಾಗಿಲ ಕಡೆ ನೋಡಿಕೊಂಡೆ, ಇವರು ನೋಡಿಯೂ ನೋಡದ ಹಾಗೆ ಬೇಳೆಯ ಪಾತ್ರೆಯನ್ನು ನನ್ನ ಕಡೆ ಸರಿಸಿದರು. ಮೆಣಸಿಗೂ ಎರಡು ಮೊಟ್ಟೆ, ಹಾಲು, ಒಂದು ಹಿಡಿ ಕಡಲೆಬೀಜ, ನಾನು ಕೆಲಸಕ್ಕೆ ಹೊರಡುವ ಮುಂಚೆ ಕಿಟಕಿಯ ಪಕ್ಕ ಅವಳ ಮೇಜಿನ ಮೇಲಿಟ್ಟು ಹೋಗುತ್ತಿದ್ದೆ, ಬಂದು ನೋಡಿದರೆ ತಟ್ಟೆ ಖಾಲಿ, ನೆಕ್ಕಿಟ್ಟ ಹಾಗೆ, ನನ್ನ ಚಿನ್ನ ಎಷ್ಟು ಚೆನ್ನಾಗಿ ತಿನ್ನುತ್ತಾಳೆ ಅಂತ ನಾನು. ಗುಜರಿಯವನ ಹತ್ತಿರ ತಂದ ತೂಕದ ಯಂತ್ರವೊಂದಿತ್ತು, ಅವಳು ನಿಲ್ಲಲಾರಳಲ್ಲ, ಪ್ರತಿ ಭಾನುವಾರ ಅವಳನ್ನು ಎತ್ತಿಕೊಂಡು ನಾನೇ ಹತ್ತಿ ನಿಲ್ಲುತ್ತಿದ್ದೆ, ಎಂಬತ್ತಮೂರು ತೋರಿಸುತ್ತಿತ್ತು, ಅದರಲ್ಲಿ ನನ್ನ ಐವತ್ತೆರಡು ಕಳೆದರೆ ಅವಳು ಮೂವತ್ತೊಂದು, ಮದುವೆಯಾದಾಗಿನಿಂದ ನನ್ನ ತೂಕ ಐವತ್ತೆರಡೇ, ಅದನ್ನು ಮತ್ತೆ ನೋಡುವುದೇನು. ಪ್ರತಿ ವಾರ ಎಂಬತ್ತಮೂರು. ಪ್ರತಿ ವಾರ ಎತ್ತುವುದು ಸುಲಭವಾಗುತ್ತಾ ಬಂತು. ಎಂಟನೇ ವಾರ ಹಾಸಿಗೆಯಿಂದ ಅವಳನ್ನು ಹೂವಿನ ಬುಟ್ಟಿಯ ಹಾಗೆ ಎತ್ತಿ ಕೋಣೆಯಲ್ಲೊಂದು ಸುತ್ತು ತಿರುಗಿಸಿ ಇಳಿಸಿದೆ, ನೋಡ್ರೀ ನಿಮ್ಮ ಹೆಂಡ್ತಿನ ಅಂತ ಕೂಗಿದೆ, ಇವರು ಚಪ್ಪಾಳೆ ತಟ್ಟಿದರು, ಮೆಣಸಿ ನನ್ನ ಮುಖವನ್ನೇ ನೋಡುತ್ತಿದ್ದಳು, ನಗುತ್ತಿದ್ದಳು.

ಎರಡನೇ ಮಹಡಿಯ ಬಾಗಿಲಲ್ಲಿ ಸ್ಟೇಷನ್ ಮಾಸ್ಟರು, ಒಂದು ಕೈಯಲ್ಲಿ ಒರೆಸುವ ಬಟ್ಟೆ ಇನ್ನೊಂದರಲ್ಲಿ ಕೈಗಡಿಯಾರ, ಏಳು ಹತ್ತೊಂಬತ್ತು, ಎರಡು ನಿಮಿಷ ಲೇಟು, ಪರವಾಗಿಲ್ಲ ಲೈನ್ ಕ್ಲಿಯರಿದೆ ಹೋಗಿ ಅಂದರು, ಮೆಣಸಿ ನನ್ನ ಕಿವಿಯ ಪಕ್ಕವೇ ಕೂ ಅಂದಳು, ಕಿವುಡಾದೆ. ಹತ್ತೊಂಬತ್ತು, ಇಪ್ಪತ್ತು. ಹತ್ತನೇ ವಾರದ ಭಾನುವಾರ ಬೆಳಿಗ್ಗೆ ಇದೇ ಬಾಗಿಲಲ್ಲಿ ನಿಂತು ನನ್ನನ್ನು ತಡೆದಿದ್ದರು, ಮರಳಿನ ಚೀಲ ಹೊತ್ತು ಹತ್ತುತ್ತಿದ್ದವಳನ್ನು — ಒಂದು ದೂರಿದೆಯಮ್ಮ, ನಿಮ್ಮ ಮನೆ ಕಾಗೆಗಳಿಗೆ ಸ್ವಲ್ಪ ಶಿಸ್ತು ಕಲಿಸ್ಬೇಕು, ನಮ್ಮ ಮನೇಲಿ ಕಾಗೆ ಸಾಕಿಲ್ಲ ಸಾರ್ ಅಂದೆ, ಸಾಕಿದೀರಿ, ದಿನಾ ಎಂಟೂ ಹತ್ತಕ್ಕೆ ಸರಿಯಾಗಿ ನಿಮ್ಮ ಕಿಟಕಿಗೆ ಬರ್ತವೆ, ನಾನು ರೈಲುಗಳಲ್ಲೂ ಅಂಥ ಟೈಮ್ ನೋಡಿಲ್ಲ, ನನ್ನ ಕಿಟಕಿಯ ಚೌಕಟ್ಟಿನ ಮೇಲೆಲ್ಲ ಮೊಟ್ಟೆ ಚೂರು, ಕಡ್ಲೆಬೀಜ, ಮೊನ್ನೆ ಹಾಲು ಬೇರೆ ಸುರಿದಿದೆ, ಒಂದು ಕಾಗೆಯಂತೂ ಊದಿಕೊಂಡು ಹಾರೋಕೇ ಆಗ್ದೆ ಕೂತಿತ್ತು. ಎಂಟೂ ಹತ್ತು. ಇವರು ಸ್ನಾನಕ್ಕೆ ಹೋಗುವ ಹೊತ್ತು. ಮರಳಿನ ಚೀಲವನ್ನು ಅವರ ಬಾಗಿಲಲ್ಲೇ ಇಳಿಸಿಬಿಟ್ಟೆ, ಹದಿನೆಂಟು ಮೆಟ್ಟಿಲು ಹೇಗೆ ಹತ್ತಿದೆನೋ ಗೊತ್ತಿಲ್ಲ, ನೇರ ಹೋಗಿ ತೂಕದ ಯಂತ್ರದ ಮೇಲೆ ನಿಂತೆ, ನಾನೊಬ್ಬಳೇ, ಮೊದಲ ಸಲ. ಮುಳ್ಳು ಅಲ್ಲಾಡಿ ಅಲ್ಲಾಡಿ ಐವತ್ತೈದರಲ್ಲಿ ನಿಂತಿತು. ಎಂಬತ್ತಮೂರರಲ್ಲಿ ಐವತ್ತೈದು ಕಳೆದರೆ — ಇಸ್ತ್ರಿ ಮಾಡುವವಳಿಗೂ ಬರುವ ಲೆಕ್ಕ, ಹತ್ತು ವಾರ ಮಾಡದೇ ಬಿಟ್ಟ ಲೆಕ್ಕ — ಇಪ್ಪತ್ತೆಂಟು. ನಾನು ತಿಂದು ತಿಂದು ಮೂರು ಕೇಜಿ ಏರಿದ್ದೆ, ಅವಳು ಮೂರು ಕೇಜಿ ಇಳಿದಿದ್ದಳು, ಯಂತ್ರ ಇಬ್ಬರನ್ನೂ ಸೇರಿಸಿ ಏನೂ ಆಗಿಲ್ಲವೆಂದು ಹೇಳುತ್ತಾ ಬಂದಿತ್ತು, ನಾನು ನಂಬಿದ್ದೆ. ದಿನಾ ಸ್ನಾನ ಮಾಡಿಸುವ ಕೈ, ಪಕ್ಕೆಲುಬು ಕೈಗೆ ತಾಗುತ್ತಿದ್ದದ್ದು ಗೊತ್ತಿತ್ತು, ಉದ್ದವಾಗ್ತಿದಾಳೆ ಅಂದುಕೊಂಡೆ, ಅಂದುಕೊಳ್ಳಲು ಎಷ್ಟು ಚೆನ್ನಾಗಿತ್ತು.

ಯಾಕೇ ಹೀಗೆ ಮಾಡಿದೆ ಅಂದೆ, ಕಿರುಚಿದೆ, ಕೈ ಎತ್ತಿದೆ ಕೂಡ, ಹೊಡೆಯಲಿಲ್ಲ, ಎತ್ತಿದ್ದಕ್ಕೆ ಇವತ್ತಿಗೂ ನಾಚಿಕೆ. ಅವಳು ಮೇಜಿನ ಮೇಲಿನ ಪೆನ್ಸಿಲನ್ನು ನೋಡುತ್ತಾ ಹೇಳಿದಳು, ಅತ್ತೆ ಹೇಳಿದ್ರಲ್ಲ, ನಾಲ್ಕು ಕೇಜಿ ಹೆಚ್ಚಾದ್ರೆ ಯಾರಿಗೂ ಎತ್ತೋಕಾಗಲ್ಲ ಅಂತ, ಹಾಗಾದ್ರೆ ನಾಲ್ಕು ಕೇಜಿ ಕಮ್ಮಿ ಆದ್ರೆ ಆಗುತ್ತಲ್ವಾ. ಅಷ್ಟಕ್ಕೆ ನಿಲ್ಲಿಸಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ, ಅವಳು ಮೆಣಸಿ, ನಿಲ್ಲಿಸುವವಳಲ್ಲ, ನೀನು ಎತ್ತಿದಾಗೆಲ್ಲ ಸುಲಭ ಆಯ್ತು ಅಂತ ನಗ್ತಿದ್ದೆ ಅಮ್ಮ, ನಿಂಗೆ ಎಷ್ಟು ಖುಷಿ ಆಗ್ತಿತ್ತು. ನೆಲದ ಮೇಲೆ ಕೂತುಬಿಟ್ಟೆ. ಆ ನಗು ನನ್ನ ಮುಖದ ಮೇಲೆ ಎಲ್ಲಿತ್ತೋ ಅಲ್ಲಿ ಉರಿಯಿತು. ಹತ್ತು ವಾರ ನಾನು ಒಂದು ಮಗುವಿನ ಹಸಿವನ್ನು ನನ್ನ ತೋಳಿನ ಬಲ ಅಂತ ಮೆರೆದಿದ್ದೆ, ನಾನು ಬಾಯಿ ತುಂಬಾ ಮೊಟ್ಟೆ ತಿನ್ನುವಾಗ ಇವಳು ಎದುರಿಗೆ ಕೂತು ಚಮಚ ಅಲ್ಲಾಡಿಸುತ್ತಿದ್ದಳು. ಕೂತಲ್ಲಿಂದಲೇ ಹೇಳಿದೆ, ನೋಡು, ಎತ್ತೋದು ನನ್ನ ಕೆಲಸ, ಬೆಳೆಯೋದು ನಿನ್ನ ಕೆಲಸ, ನನ್ನ ಕೆಲಸಕ್ಕೆ ನೀನು ಕೈ ಹಾಕ್ಬೇಡ. ನಿಂಗೆ ಆಗ್ದೆ ಇದ್ರೆ ಅಂದಳು. ಆಗ್ದೆ ಇದ್ರೆ ಇನ್ನೊಂದು ಮೊಟ್ಟೆ ತಿಂತೀನಿ. ಅದಕ್ಕೂ ಆಗ್ದೆ ಇದ್ರೆ. ಇನ್ನೊಂದು. ಅಷ್ಟು ತಿಂದ್ರೆ ನಿನ್ನನ್ನ ಯಾರು ಎತ್ತೋದು ಅಂದಳು, ಇವರು ಟವೆಲ್ಲು ಸುತ್ತಿಕೊಂಡು ಬಚ್ಚಲಿನ ಬಾಗಿಲಲ್ಲಿ ನಿಂತಿದ್ದರು, ತಲೆಯಿಂದ ನೀರು ಸುರಿಯುತ್ತಿತ್ತು, ಕಣ್ಣಿಂದಲೂ ಇತ್ತೇನೋ, ತಲೆ ಒದ್ದೆಯಿದ್ದವರಿಗೆ ಅದೊಂದು ಅನುಕೂಲ.

ಇಪ್ಪತ್ತೊಂಬತ್ತು, ಮೂವತ್ತು, ಗೋಡೆಯ ಮೇಲೆ ಯಾರದೋ ಚಪ್ಪಲಿಯ ಗುರುತು, ಅಷ್ಟೆತ್ತರಕ್ಕೆ ಚಪ್ಪಲಿ ಹೇಗೆ ಹೋಯಿತು. ಆ ಮೇಲಿನ ಆರು ವಾರ ಮೂವರೂ ಒಟ್ಟಿಗೆ ಕೂತು ತಿಂದೆವು, ನಾನು ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಎದ್ದು, ಇವರು ಸ್ನಾನ ತಡ ಮಾಡಿ, ಒಬ್ಬರ ತಟ್ಟೆಯನ್ನು ಇನ್ನೊಬ್ಬರು ಕಾಯುತ್ತಾ, ಕಾಗೆಗಳು ಒಂದು ವಾರ ಬಂದು ಕಿಟಕಿಯಲ್ಲಿ ಬೈದು ಹೋದವು. ಭಾನುವಾರ ಮೊದಲು ನಾನೊಬ್ಬಳೇ ನಿಲ್ಲುವುದು, ಆಮೇಲೆ ಅವಳನ್ನೆತ್ತಿಕೊಂಡು, ಎರಡನ್ನೂ ಅವಳೇ ಪೆನ್ಸಿಲಿನಲ್ಲಿ ಗೋಡೆಗೆ ಬರೆಯುವುದು, ಇಪ್ಪತ್ತೊಂಬತ್ತು, ಮೂವತ್ತು, ಮೂವತ್ತೊಂದು ಬಂದ ದಿನ ಪರೀಕ್ಷೆಯಲ್ಲಿ ಪಾಸಾದ ಹಾಗೆ ಕುಣಿದಳು, ಕೈಯಲ್ಲೇ. ಆದರೆ ನನ್ನ ಕಥೆ ಬೇರೆ, ನನ್ನದು ಅಂದುಕೊಂಡಿದ್ದ ಬಲದಲ್ಲಿ ನಿಜವಾಗಿ ನನ್ನದೆಷ್ಟು ಅಂತ ಗೊತ್ತಿರಲಿಲ್ಲ, ಮೂವತ್ತರ ದಿನ ಹಾಸಿಗೆಯಿಂದ ಎತ್ತುವಾಗ ಮತ್ತೆ ತೊಡೆ ನಡುಗಿತು, ಒಂದು ರಾತ್ರಿ ಅರ್ಜಿಯನ್ನು ಫ್ರಿಜ್ಜಿನ ಮೇಲಿಂದ ತೆಗೆದು ಓದಿದೆ ಕೂಡ, ಮಗುವಿಗೆ ಏನೇನು ತಂದುಕೊಡಬೇಕು, ಎರಡು ಹೊದಿಕೆ, ಒಂದು ಬಕೆಟ್ಟು, ಅಷ್ಟು ಓದಿ ವಾಪಸು ಇಟ್ಟೆ. ಮರಳಿನ ಚೀಲಕ್ಕೆ ಇನ್ನೊಂದು ಪಾತ್ರೆ ಸುರಿದೆ. ಒಂಟೆಯಣ್ಣನಿಗೆ ಹೇಳಿ ಮಧ್ಯಾಹ್ನದ ಗಂಟುಗಳನ್ನೂ ನಾನೇ ತೆಗೆದುಕೊಂಡೆ, ನೀವು ನನ್ನ ಕೆಲ್ಸ ಪೂರ್ತಿ ನುಂಗಿಬಿಟ್ರಿ ಅಕ್ಕ, ಈಗ ನಾನು ನಿಮ್ಮ ಹಾಗೆ ಕಾಲರ್ ಇಸ್ತ್ರಿ ಮಾಡೋದು ಕಲಿಬೇಕು ಅಂತ ಗೊಣಗಿದ. ಎರಡು ದಿನ ಎತ್ತುವುದು, ಒಂದು ದಿನ ಬಿಡುವುದು, ನಿದ್ದೆ ಬಂದರೆ ಪಾತ್ರೆ ತೊಳೆಯದೇ ಮಲಗುವುದು, ಅದನ್ನೂ ಕಲಿತೆ. ಹೋದ ವಾರ ಮೂವತ್ತಾರು ಕೇಜಿ ಮರಳನ್ನು ಹೊತ್ತು ಕೆಳಗಿನವರೆಗೆ ಇಳಿದು ಮತ್ತೆ ಮೇಲಕ್ಕೆ ಬಂದೆ, ಅವಳಿಗಿಂತ ನಾಲ್ಕು ಕೇಜಿ ಮುಂದೆ, ಅಕ್ಕ ಹೇಳಿದ ಆ ನಾಲ್ಕು ಕೇಜಿಯನ್ನು ನಾನು ಮೊದಲೇ ಹೊತ್ತು ನೋಡಿದ್ದೇನೆ. ಮೆಣಸಿಯನ್ನು ಹೊತ್ತು ಒಂದು ಸಾಲು ಮಾತ್ರ ಇಳಿದಿದ್ದೆ. ಮೂರೂ ಸಾಲು ಇವತ್ತೇ ಮೊದಲು. ಇವತ್ತು ಬೆಳಿಗ್ಗೆ ಯಂತ್ರದ ಮೇಲೆ ಇಬ್ಬರೂ ಸೇರಿ ಎಂಬತ್ತೆಂಟು, ನಾನು ಐವತ್ತಾರು, ಅವಳು ಮೂವತ್ತೆರಡು, ಗೋಡೆಗೆ ಬರೆದು ಕೆಳಗೆ ಎರಡು ಗೆರೆ ಎಳೆದಳು.

ಮೂವತ್ತೈದು, ಮೂವತ್ತಾರು. ಒಂದನೇ ಮಹಡಿ, ಯಾರದೋ ಮನೆಯಲ್ಲಿ ಏನೋ ಹುರಿಯುತ್ತಿದ್ದಾರೆ, ಬೆವರು ಹುಬ್ಬಿನಿಂದ ಕಣ್ಣಿಗೆ, ಒರೆಸುವ ಹಾಗಿಲ್ಲ, ಎರಡೂ ಕೈಗೆ ಕೆಲಸವಿದೆ, ಇವರು ಅದೇ ಗಾಳಿಯಲ್ಲಿದ್ದ ಕೈಯನ್ನು ಚಾಚಿ ನನ್ನ ಕಣ್ಣು ಒರೆಸಿದರು, ಸಾಕಾ, ಸ್ವಲ್ಪ ನಿಲ್ತೀಯಾ ಅಂದರು, ನಿಂತರೆ ಮತ್ತೆ ಹೊರಡುವುದು ಕಷ್ಟ, ಬೇಡ. ಕೊನೆಯ ಸಾಲು. ಗೇಟಿನ ಹೊರಗೆ ಬಸ್ಸಿನ ಹಾರ್ನ್, ಬಂದೇಬಿಟ್ಟ, ಐದು ನಿಮಿಷ ಮುಂಚೆ ಬಂದಿದ್ದಾನೆ, ಬರಲಿ, ಕಾಯಲಿ. ಮೂವತ್ತೆಂಟು, ಮೂವತ್ತೊಂಬತ್ತು, ಬಲ ತೊಡೆ ಶುರುಮಾಡಿತು, ಒಳಗಡೆಯಿಂದ ಸಣ್ಣಗೆ, ಹೊಲಿಗೆ ಮೆಷಿನ್ನಿನ ಸೂಜಿಯ ಹಾಗೆ, ಹೆದರಬೇಡ, ಇದು ಗೊತ್ತಿರುವ ನಡುಕ, ಮೂವತ್ತಾರು ಕೇಜಿಯ ದಿನವೂ ಇದೇ ಜಾಗದಲ್ಲಿ ಬಂದಿತ್ತು, ಬಂದು ಹೋಗಿತ್ತು, ಮರಳಿಗಾದರೆ ಬೀಳುವ ಭಯವಿರಲಿಲ್ಲ ಅಷ್ಟೇ. ಅವಳಿಗೂ ಗೊತ್ತಾಗಿರಬೇಕು, ಅವಳ ಹೊಟ್ಟೆ ನನ್ನ ಬೆನ್ನಿಗೆ ಅಂಟಿದೆ, ನನ್ನ ಮೈಯಲ್ಲಿ ಆಗುವುದೆಲ್ಲ ಅವಳಿಗೆ ತಿಳಿಯುತ್ತದೆ. ನಲವತ್ತು. ನಲವತ್ತೊಂದು. ಏನೋ ಇಲ್ಲ. ಏನೋ ಇತ್ತಲ್ಲ ಇಷ್ಟು ಹೊತ್ತು, ಈಗ ಇಲ್ಲ, ಕಂಬಿ ಇದೆ, ಗಂಟು ಬಿಗಿಯಾಗಿದೆ, ಬೂಟು ಎರಡೂ ಇವೆ, ನಲವತ್ತೆರಡು, ಕತ್ತಿನ ಎಡಗಡೆ ತಣ್ಣಗಿದೆ. ಉಸಿರು. ಅವಳ ಉಸಿರು ಬರುತ್ತಿಲ್ಲ. ಏನಾಯ್ತ್ರೀ ಅವಳಿಗೆ, ನೋಡ್ರೀ ಅಂದೆ, ಇವರು ಮುಖವೆತ್ತಿ ನೋಡಿದರು, ನೋಡುತ್ತಲೇ ನಿಂತರು, ಏನೂ ಆಗಿಲ್ಲ ಕಣೇ, ಕೆನ್ನೆ ಉಬ್ಬಿಸಿಕೊಂಡು ಉಸಿರು ಕಟ್ಟಿದಾಳೆ, ಕೆಂಪಗಾಗಿದಾಳೆ.

ಹಗುರಾಗುತ್ತಿದ್ದಾಳೆ. ಮತ್ತೆ. ನನ್ನ ತೊಡೆ ನಡುಗಿದ್ದೇ ಶುರು, ತಿನ್ನಲ್ಲ ಅನ್ನುವ ಹಾಗಿಲ್ಲ ಈಗ, ಮಾತು ಕೊಟ್ಟಿದ್ದಾಳೆ, ಅದಕ್ಕೆ ಉಸಿರನ್ನೇ ಹಿಡಿದಿದ್ದಾಳೆ, ಎದೆಯೊಳಗೆ ಗಾಳಿ ತುಂಬಿಕೊಂಡು ಹೇಗಾದರೂ ತೇಲಬಹುದು ಅಂತ, ಹತ್ತು ವರ್ಷದ ತಲೆ, ನನ್ನದೇ ತಲೆಯಲ್ಲವೇ. ನಿಂತೆ. ಹನ್ನೆರಡು ಮೆಟ್ಟಿಲು ಉಳಿದಿದೆ, ಎರಡೂ ಹಿಮ್ಮಡಿ ಒಂದೇ ಮೆಟ್ಟಿಲ ಮೇಲೆ ಊರಿ ನಿಂತೆ, ಸೂಜಿ ಎರಡೂ ತೊಡೆಯಲ್ಲಿ ಓಡುತ್ತಿದೆ, ಹಾರ್ನ್ ಮತ್ತೆ, ಮೇಲೆಲ್ಲೋ ಸ್ಟೇಷನ್ ಮಾಸ್ಟರು ಏಳು ಇಪ್ಪತ್ತೆಂಟು ಅಂತ ಕೂಗಿದರು. ಉಸಿರು ಬಿಡು ಮೆಣಸಿ. ಬಿಡಲಿಲ್ಲ, ಗಲ್ಲ ನನ್ನ ಭುಜಕ್ಕೆ ಒತ್ತಿ ತಲೆ ಅಲ್ಲಾಡಿಸಿದಳು. ನೀನು ಉಸಿರು ಬಿಡೋ ತನಕ ನಾನು ಕಾಲು ಎತ್ತಲ್ಲ, ಬಸ್ ಹೋದ್ರೆ ಹೋಗ್ಲಿ, ನಾಳೆ ಬರ್ತೀವಿ, ನಾಳಿದ್ದು ಬರ್ತೀವಿ, ನಂಗೇನು ಅವಸರ ಇಲ್ಲ, ಪೂರ್ತಿ ಭಾರ ನನ್ನ ಮೇಲೆ ಬಿಡು, ನಾನು ಪೂರ್ತಿಗೇ ತಯಾರಾಗಿರೋದು, ಅರ್ಧಕ್ಕಲ್ಲ. ಇವರು ಡಬ್ಬಿಯನ್ನು ಎದೆಗೆ ಅವಚಿಕೊಂಡು ನಿಂತಿದ್ದಾರೆ, ಹುರಿಯುವ ಸದ್ದು ನಿಂತಿದೆ, ಒಂದು, ಎರಡು, ಇದು ಮೆಟ್ಟಿಲ ಎಣಿಕೆಯಲ್ಲ, ಮೂರು, ನಾಲ್ಕು — ಬಂತು, ಒಂದೇ ಸಲ, ಬಿಸಿ, ಬೆಳಗಿನ ಮೊಟ್ಟೆಯ ವಾಸನೆಯದು, ಕತ್ತಿನ ಎಡಗಡೆ, ಮೂವತ್ತೆರಡು ಕೇಜಿಯೂ ನನ್ನ ಮೇಲೆ ಇಳಿಯಿತು, ಕೈ, ಗಲ್ಲ, ಹೊಟ್ಟೆ, ಬೂಟು ಹಾಕಿದ ಎರಡು ಕಾಲು, ನಿದ್ದೆ ಬಂದ ಮಗುವಿನಷ್ಟು ಭಾರವಾಗಿ, ಆಗುತ್ತಿದೆ, ಹೊರಲು ಆಗುತ್ತಿದೆ, ಬಲಗಾಲು, ನಲವತ್ತಮೂರು, ಉಸಿರು, ನಲವತ್ತನಾಲ್ಕು, ಉಸಿರು, ನಲವತ್ತೈದು, ಕತ್ತಿನ ಮೇಲೆ ಉಸಿರು, ಬಿಸಿ, ಮತ್ತೆ, ಕತ್ತಿನ ಮೇಲೆ ಉಸಿರು